ಅರ್ಧಕ್ಕೆ ಬಿಟ್ಟ ‘ಮಿಸ್ಟ್’ ಆಟವನ್ನು ಕೊನೆಗೂ ಮುಗಿಸುವುದು ಹೇಗೆ

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 1998ರಲ್ಲಿ. ಎಸ್.ಪಿ. ರೋಡಿನಲ್ಲಿ ಒಂದೊಂದೇ ಭಾಗ ಆರಿಸಿ ಜೋಡಿಸಿಸಿಕೊಂಡು, ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ರಾಜಾಜಿನಗರಕ್ಕೆ ತಂದಿದ್ದೆವು. ಆಮೇಲೆ ಸ್ನೇಹಿತನಿಂದ ಎರವಲು ಬಂದ ಸಿ.ಡಿ. ಮಿಸ್ಟ್. ಹಾಕಿದರೆ ಒಂದು ದ್ವೀಪ, ಒಂದು ಹಡಗುಕಟ್ಟೆ, ಅಲೆಯ ಸದ್ದು. ಗುಂಡು ಹಾರಿಸುವುದಿಲ್ಲ, ಪ್ರಾಣ ಹೋಗುವುದಿಲ್ಲ, ಏನು ಮಾಡಬೇಕೆಂದು ಯಾರೂ ಹೇಳುವುದೂ ಇಲ್ಲ. ಮೂರು ವಾರ ಒದ್ದಾಡಿ, ಕಾಡಿನ ಪಕ್ಕ ನಿಂತಿರುವ ರಾಕೆಟ್ಟಿನೊಳಗಿನ ಆರ್ಗನ್ ಮುಂದೆ ಕೂತು ಕೈಚೆಲ್ಲಿದೆ. ಸಿ.ಡಿ. ವಾಪಸ್ಸು ಹೋಯಿತು, ಕಂಪ್ಯೂಟರ್ ಗುಜರಿಗೆ ಹೋಯಿತು, ಆ ಆರ್ಗನ್ ಮಾತ್ರ ತಲೆಯಲ್ಲೇ ಉಳಿಯಿತು.

ಈ ಮಳೆಗಾಲದಲ್ಲಿ ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದಳು. ಮಲ್ಲೇಶ್ವರದಲ್ಲಿ ಆರು ವರ್ಷದಿಂದ ಸಂಗೀತ ಕಲಿಯುತ್ತಿದ್ದಾಳೆ. ನಾಲ್ಕು ಭಾನುವಾರ, ಒಂದು ನೋಟ್‌ಬುಕ್, ಲೆಕ್ಕವಿಲ್ಲದಷ್ಟು ಕಾಫಿ: ಆಟ ಮುಗಿಯಿತು. ನನ್ನ ಹಾಗೆ ಎಲ್ಲೋ ಸಿಕ್ಕಿಹಾಕಿಕೊಂಡು ಬಿಟ್ಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಗಟಿನ ಉತ್ತರಗಳು ಕೆಳಗೆ ಬಹಳಷ್ಟು ಇವೆ. ಬೇಡದವರು ಮೊದಲ ಎರಡು ಭಾಗ ಓದಿ ನಿಲ್ಲಿಸಬಹುದು.

ಯಾವ ಮಿಸ್ಟ್?

ಅಮೆರಿಕದ ರ‍್ಯಾಂಡ್ ಮಿಲ್ಲರ್ ಮತ್ತು ರಾಬಿನ್ ಮಿಲ್ಲರ್ ಎಂಬ ಅಣ್ಣತಮ್ಮಂದಿರ ಸಯಾನ್ ಸಂಸ್ಥೆ ಈ ಆಟವನ್ನು 1993ರಲ್ಲಿ ಮ್ಯಾಕಿಂಟಾಷ್‌ಗಾಗಿ ಹೊರತಂದಿತು. ಹೈಪರ್‌ಕಾರ್ಡ್ ಎಂಬ ತಂತ್ರಾಂಶದಲ್ಲಿ ಸುಮಾರು 2500 ಸ್ಥಿರಚಿತ್ರಗಳನ್ನು ಪೋಣಿಸಿದ ಆಟ ಅದು. ಒಂದು ಹೆಜ್ಜೆ ಅಂದರೆ ಒಂದು ಚಿತ್ರ. 2002ರಲ್ಲಿ ದಿ ಸಿಮ್ಸ್ ಹಿಂದಿಕ್ಕುವವರೆಗೆ ಅತಿ ಹೆಚ್ಚು ಮಾರಾಟವಾದ ಪಿಸಿ ಆಟ ಇದೇ ಆಗಿತ್ತು.

ಹಳೆಯ ಸಿ.ಡಿ. ನಿಮ್ಮಲ್ಲೇ ಇದ್ದರೆ ಅದರ ಕಡತಗಳನ್ನು ಸ್ಕಮ್‌ವಿಎಂ ಎಂಬ ಉಚಿತ ತಂತ್ರಾಂಶಕ್ಕೆ ತೋರಿಸಿ. ಇವತ್ತಿನ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇಲ್ಲದಿದ್ದರೆ ಆಟ ಮಾರುವ ಜಾಲತಾಣಗಳಾದ ಗಾಗ್ ಅಥವಾ ಸ್ಟೀಮ್‌ನಲ್ಲಿ ‘ಮಾಸ್ಟರ್‌ಪೀಸ್ ಎಡಿಷನ್’ ಸಿಗುತ್ತದೆ; ಆಟ ಹಳೆಯದೇ, ಚಿತ್ರ ಮಾತ್ರ ಇನ್ನಷ್ಟು ಚೊಕ್ಕ. ‘ರಿಯಲ್‌ಮಿಸ್ಟ್’ನಲ್ಲಿ ದ್ವೀಪದ ಮೇಲೆ ನಿಜವಾಗಿ ನಡೆದಾಡಬಹುದು. 2021ರಲ್ಲಿ ಪಿಸಿಗೆ ಬಂದ ಹೊಸ ರೂಪದಲ್ಲಿ ಒಗಟಿನ ಉತ್ತರಗಳನ್ನು ಬದಲಾಯಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ನಾನಿಲ್ಲಿ ಕೊಡುವ ಸಂಖ್ಯೆಗಳು ಕೆಲಸಕ್ಕೆ ಬರುವುದಿಲ್ಲ. ಹಳೆಯ ಸೋಲನ್ನು ತೀರಿಸಿಕೊಳ್ಳುವವರು ಹಳೆಯ ರೂಪವನ್ನೇ ಆಡಿ ಎನ್ನುತ್ತೇನೆ. ಆ ಚಿತ್ರ ಚಿತ್ರವಾಗಿ ಕುಪ್ಪಳಿಸುವ ನಡಿಗೆಯಲ್ಲಿ ಯಾವುದನ್ನು ನೋಡಬೇಕೋ ಅದು ತಾನಾಗಿ ಕಣ್ಣಿಗೆ ಬೀಳುತ್ತದೆ. ಬಯಲಿನಲ್ಲಿ ಬಿಟ್ಟ ಹಾಗಿರುವ ಹೊಸ ರೂಪದಲ್ಲಿ ಹುಲ್ಲು ನೋಡುತ್ತಾ ಅರ್ಧ ಗಂಟೆ ಕಳೆದುಹೋಗುತ್ತದೆ.

ಕೂರುವ ಮುಂಚೆ

ಹಳೆಯ ಸೇವ್ ಸಿಕ್ಕರೂ ಅದನ್ನು ಮುಟ್ಟಬೇಡಿ. ಮೊದಲಿನಿಂದ ಶುರು ಮಾಡಿ. ಇಪ್ಪತ್ತು ವರ್ಷದ ಹಿಂದೆ ಯಾವ ಕಾಗದ ಓದಿದ್ದೆ, ಯಾವ ಸ್ವಿಚ್ಚು ಒತ್ತಿದ್ದೆ ಅನ್ನುವುದು ಯಾರಿಗೂ ನೆನಪಿರುವುದಿಲ್ಲ, ಈ ಆಟ ಅದನ್ನು ನೆನಪಿಸುವುದೂ ಇಲ್ಲ.

ಚೌಕುಳಿ ಗೆರೆಯ ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲಿನಲ್ಲಿ ಫೋಟೊ ಹೊಡೆದರೆ ಸಾಲದೆ ಎಂದು ಕೇಳಬಹುದು. ನಾನೂ ಮೊದಲ ಭಾನುವಾರ ಅದೇ ಮಾಡಿದೆ. ನಲವತ್ತು ಫೋಟೊ ಸೇರಿದ ಮೇಲೆ ಯಾವುದು ಎಲ್ಲಿಯದು ಎಂದು ಹುಡುಕುವುದೇ ಇನ್ನೊಂದು ಒಗಟಾಯಿತು. ಕೈಯಲ್ಲಿ ನಕ್ಷತ್ರದ ಚುಕ್ಕಿ ಬರೆದಾಗ ಅದು ತಲೆಗೂ ಹೋಗುತ್ತದೆ. ದ್ವೀಪದಿಂದ ಹೋಗಿಬರಬೇಕಾದ ಬೇರೆ ಲೋಕಗಳು ನಾಲ್ಕು; ಒಂದು ಲೋಕಕ್ಕೆ ಎರಡು ಪುಟ ಬಿಡಿ. ಎಡಪುಟದಲ್ಲಿ ಕಂಡದ್ದು, ಬಲಪುಟದಲ್ಲಿ ಇನ್ನೂ ಅರ್ಥವಾಗದ್ದು.

ಹೆಡ್‌ಫೋನ್ ಬೇಕೇ ಬೇಕು. ಈ ಆಟದ ಅರ್ಧ ಸುಳಿವು ಕಿವಿಗೆ ಸಿಗುವಂಥದು. ನಮ್ಮ ರಸ್ತೆಯ ಹಾರ್ನು, ಎದುರು ಮನೆಯ ಮಿಕ್ಸಿ, ಗ್ಯಾಸ್ ಸಿಲಿಂಡರ್ ಉರುಳಿಸುವ ಸದ್ದು, ಇವುಗಳ ನಡುವೆ ಸ್ಪೀಕರಿನಲ್ಲಿ ಆಡಿದ್ದೇ ನನ್ನ ಮೊದಲ ಸೋಲಿಗೆ ಕಾರಣ ಎಂದು ಈಗ ಅನ್ನಿಸುತ್ತದೆ.

ಸಿಕ್ಕಿಹಾಕಿಕೊಂಡಾಗ ಉತ್ತರ ನೋಡಲೂ ಒಂದು ಕಟ್ಟುಪಾಡು ಇಟ್ಟುಕೊಳ್ಳಿ. ನಮ್ಮದು: ಮುಕ್ಕಾಲು ಗಂಟೆ ಇಬ್ಬರಿಗೂ ಹೊಸದೇನೂ ಹೊಳೆಯದಿದ್ದರೆ ಒಂದೇ ಒಂದು ಸುಳಿವು. ಯುಎಚ್‌ಎಸ್ ಎಂಬ ಹಳೆಯ ಸುಳಿವುಕೋಶದಲ್ಲಿ ಸುಳಿವುಗಳು ಒಂದರ ಹಿಂದೆ ಒಂದು, ಮೆಲ್ಲಗೆ ಬಿಚ್ಚಿಕೊಳ್ಳುತ್ತವೆ. ಪೂರ್ತಿ ಉತ್ತರ ಒಮ್ಮೆಲೇ ಕಣ್ಣಿಗೆ ಬೀಳುವುದಿಲ್ಲ.

ದ್ವೀಪದ ಮೊದಲ ಗಂಟೆ

ಹಡಗುಕಟ್ಟೆಯಿಂದಲೇ ಶುರು. ಅಲ್ಲೊಂದು ಕಂಬ, ಅದಕ್ಕೊಂದು ಸ್ವಿಚ್ಚು. ಇಂಥ ಗುರುತು-ಸ್ವಿಚ್ಚುಗಳು ದ್ವೀಪದಲ್ಲಿ ಒಟ್ಟು 8. ಕಂಡಕಂಡದ್ದನ್ನೆಲ್ಲ ಮೇಲೆತ್ತಿ. ದಾರಿಯ ಹುಲ್ಲಿನಲ್ಲಿ ಒಂದು ಚೀಟಿ ಬಿದ್ದಿರುತ್ತದೆ. ಆಟ್ರಸ್ ಎಂಬಾತ ಹೆಂಡತಿ ಕ್ಯಾಥರೀನ್‌ಗೆ ಬರೆದದ್ದು: ಸ್ವಿಚ್ಚುಗಳ ಸಂಖ್ಯೆಯನ್ನು ಹಡಗುಕಟ್ಟೆಯ ಪಕ್ಕದ ಕೋಣೆಯ ಯಂತ್ರಕ್ಕೆ ಕೊಟ್ಟರೆ ಸಂದೇಶ ಕಾಣುತ್ತದಂತೆ. 08 ಎಂದು ಕೊಡಿ. ಆಟ್ರಸ್ ಗಾಬರಿಯಿಂದ ಮಾತಾಡುತ್ತಾನೆ, ಕೊನೆಯಲ್ಲಿ ಗೋಪುರ ತಿರುಗಿಸುವುದನ್ನು ಮರೆಯಬೇಡ ಎನ್ನುತ್ತಾನೆ. ಇಡೀ ಆಟದ ಕೀಲಿಕೈ ಆ ಒಂದು ಮಾತು.

ಮುಂದೆ ಗ್ರಂಥಾಲಯ. ಅಲ್ಲಿ ಒಂದು ಕೆಂಪು, ಒಂದು ನೀಲಿ ಪುಸ್ತಕ. ಕೆಂಪಿನೊಳಗೆ ಸಿರಸ್, ನೀಲಿಯೊಳಗೆ ಅಕೆನಾರ್, ಆಟ್ರಸ್‌ನ ಇಬ್ಬರು ಗಂಡುಮಕ್ಕಳು ಸೆರೆಯಾಗಿದ್ದಾರೆ. ಇಬ್ಬರೂ ‘ನನ್ನ ಪುಸ್ತಕದ ಕಳೆದುಹೋದ ಹಾಳೆ ತಂದುಕೊಡು, ಅವನನ್ನು ನಂಬಬೇಡ’ ಎಂದು ಗೋಗರೆಯುತ್ತಾರೆ. ಆಸ್ತಿ ಜಗಳದಲ್ಲಿ ಎರಡೂ ಕಡೆಯವರ ಫೋನು ಒಟ್ಟಿಗೆ ಬಂದ ಹಾಗೆ. ಕಪಾಟಿನಲ್ಲಿ ಸುಟ್ಟು ಉಳಿದ ಪುಸ್ತಕಗಳು: ನಾಲ್ಕು ಲೋಕಗಳ ನಾಲ್ಕು ದಿನಚರಿ, ಜೊತೆಗೆ ಚೌಕದ ಚಿತ್ತಾರಗಳಷ್ಟೇ ಇರುವ ಇನ್ನೊಂದು. ದಿನಚರಿಗಳನ್ನು ಓದದೆ ಮುಂದೆ ಹೋಗಬೇಡಿ. ನಾನು ಹಿಂದೆ ಓದದೆ ಹೋಗಿದ್ದೆ, ಅದಕ್ಕೇ ಆರ್ಗನ್ ಮುಂದೆ ಕಲ್ಲಾಗಿ ಕೂತಿದ್ದೆ. ಚಿತ್ರ, ಸಂಖ್ಯೆ, ನಕ್ಷತ್ರಪುಂಜ, ಎಲ್ಲವನ್ನೂ ನಕಲು ಮಾಡಿಕೊಳ್ಳಿ.

ಗೋಡೆಯ ಮೇಲಿನ ನಕ್ಷೆಯಲ್ಲಿ ಗೋಪುರದ ಗುರುತನ್ನು ಒತ್ತಿ ಹಿಡಿದರೆ ಒಂದು ಗೆರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಸರಿಯಾದ ಜಾಗಕ್ಕೆ ಬಂದಾಗ ಕೆಂಪಾಗುತ್ತದೆ, ಆಗ ಕೈ ಬಿಡಿ. ಸ್ವಿಚ್ಚು ಎತ್ತದ ಜಾಗ ನಕ್ಷೆಯಲ್ಲಿ ಮೂಡುವುದೇ ಇಲ್ಲ. ಬಹಳ ಜನ ಎಡವುವುದು ಇಲ್ಲೇ. ಆಮೇಲೆ ಕಪಾಟಿನ ಚಿತ್ರಪಟವನ್ನು ಮುಟ್ಟಿದರೆ ಕಪಾಟು ಸರಿದು ಲಿಫ್ಟ್ ಕಾಣುತ್ತದೆ. ಮೇಲೆ ಎರಡು ಏಣಿ. ಒಂದರ ತುದಿಯಲ್ಲಿ ಆ ಜಾಗ, ಇನ್ನೊಂದರ ತುದಿಯಲ್ಲಿ ಅದರ ಸುಳಿವು. ನಾಲ್ಕು ಸಲ ಹತ್ತಿ ಇಳಿದು, ನಾಲ್ಕು ಲೋಕಗಳ ದಾರಿ ತೆರೆಯಲು ನಾವು ಬರೆದುಕೊಂಡದ್ದು ಹೀಗೆ: ಹಲ್ಲುಚಕ್ರಕ್ಕೆ 2:40 ಮತ್ತು 2-2-1, ಮರಕ್ಕೆ 7, 2, 4, ರಾಕೆಟ್ಟಿಗೆ 59 ವೋಲ್ಟ್, ಮುಳುಗಿದ ಹಡಗಿಗೆ ಮೂರು ದಿನಾಂಕ: 1984 ಅಕ್ಟೋಬರ್ 11 ಬೆಳಿಗ್ಗೆ 10:04, 1207 ಜನವರಿ 17 ಬೆಳಿಗ್ಗೆ 5:46, 9791 ನವೆಂಬರ್ 23 ಸಂಜೆ 6:57.

ಮೊದಲು ಹಲ್ಲುಚಕ್ರ, ಕೊನೆಗೆ ರಾಕೆಟ್

ನಾಲ್ಕು ಲೋಕಗಳನ್ನು ಯಾವ ಕ್ರಮದಲ್ಲಾದರೂ ಆಡಬಹುದು ಎನ್ನುತ್ತಾರೆ. ಆಡಬಹುದು, ನಿಜ. ಆದರೆ ಮೆಕ್ಯಾನಿಕಲ್ ಲೋಕದಲ್ಲಿ ಕಲಿತ ಪಾಠವೊಂದು ಸೆಲೆನಿಟಿಕ್ ಲೋಕದಲ್ಲಿ ಬೇಕಾಗುತ್ತದೆ. ಆದ್ದರಿಂದ ಹಲ್ಲುಚಕ್ರ ಮೊದಲು, ರಾಕೆಟ್ ಆಮೇಲೆ. ಕ್ರಮದ ಬಗ್ಗೆ ನನ್ನ ಹಟ ಇಷ್ಟೇ.

ಇನ್ನೊಂದು ಮಾತು: ಕೈಯಲ್ಲಿ ಒಮ್ಮೆಗೆ ಒಂದೇ ಹಾಳೆ ಹಿಡಿಯಬಹುದು. ಕೆಂಪು ಹಿಡಿದಿರುವಾಗ ನೀಲಿ ಎತ್ತಿಕೊಂಡರೆ ಕೆಂಪು ಹಿಂದಿನ ಜಾಗಕ್ಕೇ ಹೋಗುತ್ತದೆ. ಎರಡೂ ಬಣ್ಣ ಬೇಕೆಂದರೆ ಪ್ರತಿ ಲೋಕಕ್ಕೂ ಎರಡೆರಡು ಸಲ ಹೋಗಬೇಕು. ಆಟ ಮುಗಿಸಲು ಒಂದು ಬಣ್ಣ ಸಾಕು. ನಾವು ನೀಲಿ ಹಿಡಿದೆವು. ಅಕೆನಾರ್‌ನ ಹುಚ್ಚು ನಗು ಕೇಳಲು ಮಜವಾಗಿರುತ್ತದೆ ಅನ್ನುವುದಷ್ಟೇ ಕಾರಣ.

ಹಲ್ಲುಚಕ್ರದ ಲೋಕಕ್ಕೆ: ನೀರಿನಂಚಿನ ಯಂತ್ರದಲ್ಲಿ ಗಡಿಯಾರ ಗೋಪುರದ ಸಮಯವನ್ನು 2:40ಕ್ಕೆ ಇಟ್ಟು ಗುಂಡಿ ಒತ್ತಿದರೆ ಹಲ್ಲುಚಕ್ರಗಳೇ ಸೇತುವೆಯಾಗಿ ಏಳುತ್ತವೆ. ಗೋಪುರದೊಳಗೆ 3-3-3 ತೋರಿಸುವ ಮೂರು ಚಕ್ರ, ಎರಡು ಲಿವರ್. ಒಂದೊಂದು ಲಿವರ್ ಎರಡೆರಡು ಚಕ್ರ ತಿರುಗಿಸುತ್ತದೆ. ಎರಡಕ್ಕೂ ನಡುವಿನದು ಸಾಮಾನ್ಯ. ಎಳೆದು ಎಳೆದು ತೂಕದ ಗುಂಡು ತಳಕ್ಕೆ ಮುಟ್ಟಿದರೆ ಮತ್ತೆ ಮೊದಲಿನಿಂದ. ಗುಟ್ಟು ಇದು: ಲಿವರನ್ನು ಎಳೆದು ಹಾಗೇ ಹಿಡಿದರೆ ನಡುವಿನ ಚಕ್ರ ಮಾತ್ರ ತಿರುಗುತ್ತಾ ಹೋಗುತ್ತದೆ. ಹೊರಗಿನೆರಡನ್ನು 2 ಮತ್ತು 1ಕ್ಕೆ ತಂದುಕೊಂಡು, ಕೊನೆಯ ಎಳೆತದಲ್ಲಿ ನಡುವಿನದು 2ಕ್ಕೆ ಬರುವವರೆಗೆ ಹಿಡಿದುಕೊಳ್ಳಿ. 2-2-1 ಆದೊಡನೆ ಹಡಗುಕಟ್ಟೆಯ ಹತ್ತಿರದ ದೊಡ್ಡ ಹಲ್ಲುಚಕ್ರ ಬಾಯಿ ಬಿಡುತ್ತದೆ.

ಆ ಲೋಕದಲ್ಲಿರುವುದು ತಿರುಗುವ ಕೋಟೆ. ಅದನ್ನು ತಿರುಗಿಸುವ ಯಂತ್ರ ಇರುವುದು ಲಿಫ್ಟಿನ ನೆತ್ತಿಯ ಮೇಲೆ! ಲಿಫ್ಟನ್ನು ಅರ್ಧಕ್ಕೆ ಇಳಿಯಲು ಹೇಳಿ, ಅದು ಹೊರಡುವ ಮುಂಚೆ ಹೊರಗೆ ಜಿಗಿಯಬೇಕು. ಅಕೆನಾರ್ ಕೋಣೆಯಲ್ಲಿ ಅಭ್ಯಾಸಕ್ಕೆಂದೇ ಒಂದು ಮಾದರಿ ಇದೆ. ಕೋಟೆ ನಿಂತಾಗ ಪ್ರತಿ ದಿಕ್ಕಿಗೂ ಬೇರೆ ಬೇರೆ ಸದ್ದು ಬರುತ್ತದೆ. ಅಲ್ಲಿ ಹತ್ತು ನಿಮಿಷ ಕೂತು, ಕಣ್ಣು ಮುಚ್ಚಿ ದಿಕ್ಕು ಹೇಳುವಷ್ಟು ಅಭ್ಯಾಸ ಮಾಡಿ. ನಮ್ಮ ಹುಡುಗಿ ಎರಡೇ ನಿಮಿಷದಲ್ಲಿ ನಾಲ್ಕಕ್ಕೂ ಹೆಸರಿಟ್ಟಳು: ಗಂಟೆ, ಸ್ಪ್ರಿಂಗು, ಕುಕ್ಕರು, ತಗಡು. ಎರಡು ಪುಟ್ಟ ದ್ವೀಪಗಳಲ್ಲಿ ಎರಡೆರಡು ಚಿಹ್ನೆ ಸಿಗುತ್ತವೆ. ನಾಲ್ಕನ್ನೂ ನೀವು ಮೊದಲು ಬಂದಿಳಿದ ಕಡೆಯ ಫಲಕದಲ್ಲಿ ಕೂಡಿಸಿದರೆ ವಾಪಸ್ಸು ಬರುವ ದಾರಿ ತೆರೆಯುತ್ತದೆ.

ಮರದ ಲೋಕ, ಚಾನಲ್‌ವುಡ್, ಸುಲಭದ್ದು. ಮರದ ಗುಡಿಸಲಿನ ತಿಜೋರಿಗೆ 724, ಒಳಗೆ ಬೆಂಕಿಪೊಟ್ಟಣ. ಕಡ್ಡಿ ಗೀರಿ ಬಾಯ್ಲರ್ ಹೊತ್ತಿಸಿ, ಚಕ್ರ ತಿರುಗಿಸಿ. ಹೊರಗೆ ಧಡ್ ಧಡ್ ಎಂದು ಮರ ಮೇಲೇರುತ್ತದೆ. ಉರಿ ಇಳಿಸಿ, ಓಡಿ ಹೋಗಿ, ಮರ ಕೆಳಗಿಳಿಯುವಾಗ ಅದರ ಬಾಗಿಲೊಳಗೆ ನುಗ್ಗಿ. ಆ ಲೋಕದ ಒಳಗೆ ಇರುವುದು ನೀರಿನ ಕೊಳವೆಗಳ ಜಾಲ. ಗಾಳಿಯಂತ್ರದ ಹತ್ತಿರ ನೀರು ಬಿಟ್ಟು, ಕವಲು ಕವಲಿನಲ್ಲೂ ವಾಲ್ವ್ ತಿರುಗಿಸುತ್ತಾ ನೀರನ್ನು ಬೇಕಾದ ಲಿಫ್ಟಿಗೆ ಮುಟ್ಟಿಸಬೇಕು. ನಮ್ಮೂರಲ್ಲಿ ಉದ್ದನೆಯ ಸಲಾಕೆ ಹಿಡಿದು ಬೀದಿ ಬೀದಿಗೆ ಕಾವೇರಿ ನೀರು ಬಿಡುವ ವಾಲ್ವ್‌ಮ್ಯಾನ್ ಮಾಡುವ ಕೆಲಸವೇ ಇದು. ನೀರಿನ ಸದ್ದು ಎಲ್ಲಿ ನಿಂತಿದೆಯೋ ಅಲ್ಲಿ ವಾಲ್ವ್ ತಪ್ಪಾಗಿದೆ.

ಹಡಗಿನ ಲೋಕ, ಸ್ಟೋನ್‌ಶಿಪ್. ತಾರಾಲಯದಲ್ಲಿ ಮೊದಲು ದೀಪ ಆರಿಸಿ, ಆಮೇಲೆ ಕುರ್ಚಿಯಲ್ಲಿ ಕೂತು ಮೂರು ದಿನಾಂಕಗಳನ್ನು ಕೊಡಿ. ಪ್ರತಿಯೊಂದಕ್ಕೂ ಒಂದು ನಕ್ಷತ್ರಪುಂಜ ಮೂಡುತ್ತದೆ. ದಿನಚರಿಯೊಡನೆ ಹೋಲಿಸಿದರೆ ಎಲೆ, ಹಾವು, ಜೀರುಂಡೆ. ಕೊಳದ ಸುತ್ತಲಿನ ಕಂಬಗಳಲ್ಲಿ ಈ ಮೂರನ್ನು ಒತ್ತಿ, ಮುಳುಗಿದ ಹಡಗು ಏಳುತ್ತದೆ. ಒಳಗೆ ನೀರು ಖಾಲಿ ಮಾಡುವ ಮೂರು ಗುಂಡಿ ಇವೆ, ಒಮ್ಮೆಗೆ ಒಂದೇ ಜಾಗ ಒಣಗುತ್ತದೆ. ದೀಪಸ್ತಂಭದ ತಳದ ಪೆಟ್ಟಿಗೆಯಲ್ಲಿ ನಾವು ಒಂದೂವರೆ ಗಂಟೆ ಕಳೆದೆವು. ನಲ್ಲಿ ತಿರುಗಿಸಿ ಅದರೊಳಗಿನ ನೀರು ಚೆಲ್ಲುವುದು ಹೊಳೆಯಿತು. ನಲ್ಲಿ ಮತ್ತೆ ಮುಚ್ಚಬೇಕೆಂಬುದು ಹೊಳೆಯಲಿಲ್ಲ. ಮುಚ್ಚಿ, ದೀಪಸ್ತಂಭಕ್ಕೆ ನೀರು ತುಂಬಿಸಿದರೆ ಖಾಲಿ ಪೆಟ್ಟಿಗೆ ತೇಲಿಕೊಂಡು ಮೇಲೆ ಕಟ್ಟಿಹಾಕಿದ ಕೀಲಿಕೈಯ ಹತ್ತಿರಕ್ಕೇ ಬರುತ್ತದೆ. ಸಂಪಿನಲ್ಲಿ ಖಾಲಿ ಕೊಡ ಬೀಳಿಸಿಕೊಂಡವರಿಗೆ ಇದು ಗೊತ್ತಿರಬೇಕಾಗಿತ್ತು! ಮೇಲಿನ ಜನರೇಟರನ್ನು ಕೈಯಿಂದ ತಿರುಗಿಸಿ ಬ್ಯಾಟರಿ ತುಂಬಿಸಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಆರುತ್ತದೆ ಕೂಡ. ದೂರದರ್ಶಕದಲ್ಲಿ ಮಿನುಗುವ ದೀಪ ಕಾಣುವುದು 135 ಡಿಗ್ರಿಯಲ್ಲಿ. ಕೋಣೆಗಳಿಗೆ ಇಳಿಯುವ ದಾರಿಯ ಗೋಡೆಯಲ್ಲಿ ಅಡಗಿರುವ ದಿಕ್ಸೂಚಿ ಕೋಣೆಯಲ್ಲಿ 32 ಗುಂಡಿ. ಉತ್ತರದಿಂದ ಬಲಕ್ಕೆ 12ನೆಯದು 135 ಡಿಗ್ರಿ. ತಪ್ಪು ಒತ್ತಿದರೆ ಕರೆಂಟ್ ಹೋಗುತ್ತದೆ.

ಆ ಆರ್ಗನ್

ಈಗ ರಾಕೆಟ್. ಇಟ್ಟಿಗೆ ಕಟ್ಟಡದ ಕೆಳಗಿನ ಜನರೇಟರಿನಲ್ಲಿ 10 ಗುಂಡಿ. ಒಂದೊಂದೇ ಒತ್ತಿ ಪ್ರತಿಯೊಂದೂ ಎಷ್ಟು ವೋಲ್ಟ್ ಕೊಡುತ್ತದೆಂದು ಬರೆದುಕೊಂಡು, ಕೂಡಿಸಿದರೆ ಸರಿಯಾಗಿ 59 ಆಗುವಂಥವನ್ನು ಆರಿಸಿ. ಮೀರಿದರೆ ಬ್ರೇಕರ್ ಬೀಳುತ್ತದೆ, ಕಂಬ ಹತ್ತಿ ಎತ್ತಬೇಕು. 1998ರಲ್ಲಿ ನಾನು 59ಕ್ಕೆ ತಂದು ಬೀಗುತ್ತಿದ್ದಾಗಲೇ ನಿಜವಾದ ಕರೆಂಟೇ ಹೋಗಿತ್ತು, ಸೇವ್ ಮಾಡಿರಲಿಲ್ಲ.

ರಾಕೆಟ್ಟಿನ ಹಿಂಬದಿ ಆರ್ಗನ್, ಮುಂದೆ ಐದು ಜಾರುಪಟ್ಟಿ. ಸೆಲೆನಿಟಿಕ್ ದಿನಚರಿಯಲ್ಲಿ ಐದು ಕೀಲಿಗಳ ಚಿತ್ರವಿದೆ. ಆ ಐದು ಸ್ವರವನ್ನು ಹಿಂದೆ ನುಡಿಸಿ, ಕಿವಿಯಲ್ಲಿ ಹಿಡಿದುಕೊಂಡು ಮುಂದೆ ಬಂದು ಜಾರುಪಟ್ಟಿಯಲ್ಲಿ ಅವೇ ಸ್ವರಗಳನ್ನು ಹಚ್ಚಬೇಕು. ನಾನು ಇಷ್ಟು ವಿವರಿಸುವಷ್ಟರಲ್ಲಿ ಹುಡುಗಿ ಮೊದಲ ಕೀಲಿ ಒತ್ತಿ, ಅದನ್ನೇ ಷಡ್ಜ ಮಾಡಿಕೊಂಡು, ಮಿಕ್ಕ ನಾಲ್ಕನ್ನು ಗುನುಗಿದಳು. ಮುಂದಿನ ಕೋಣೆಗೆ ಹೋಗುವ ತನಕ ಗುನುಗುವುದನ್ನು ನಿಲ್ಲಿಸಲಿಲ್ಲ. ಜಾರುಪಟ್ಟಿ ಎಳೆಯುತ್ತಾ ಹೋದಳು, ಐದನೆಯದಕ್ಕೆ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಆಮೇಲೆ ತಲೆಯಾಡಿಸಿ ಬಿಟ್ಟಳು. ಕಿಟಕಿ ಬೆಳಗಿತು.

“ಮಾಮ, ಇದಕ್ಕಾ ನೀನು ಇಷ್ಟ್ ವರ್ಷ ಕೂತಿದ್ದು?”

“ನಿಂಗೆ ಪಾಠ ಹೇಳಿಕೊಟ್ಟವರಿದ್ರು ಪುಟ್ಟಿ, ನಂಗೆ ಯಾರಿದ್ರು?”

ಸ್ವರಜ್ಞಾನ ಇಲ್ಲದವರಿಗೂ ದಾರಿಯಿದೆ. ಮೊಬೈಲಿಗೆ ಗಿಟಾರ್ ಟ್ಯೂನರ್ ಆ್ಯಪ್ ಹಾಕಿಕೊಂಡು ಸ್ಪೀಕರ್ ಮುಂದೆ ಹಿಡಿಯಿರಿ. ಆರ್ಗನ್ನಿನ ಪ್ರತಿ ಕೀಲಿಗೂ ಅದು ತೋರಿಸುವ ಸ್ವರವನ್ನು ಯಾವ ಸ್ಥಾಯಿ ಎಂಬುದರ ಜೊತೆಗೆ ಬರೆದುಕೊಳ್ಳಿ, ಆಮೇಲೆ ಜಾರುಪಟ್ಟಿಯನ್ನು ಅದೇ ತೋರಿಸುವವರೆಗೆ ಸರಿಸಿ. ಇದನ್ನು ಮೋಸ ಎನ್ನುವವರು ನನ್ನ ಹಾಗೆ ಬೆಸುರಾಗಿ ಹುಟ್ಟಿ ನೋಡಲಿ.

ಸೆಲೆನಿಟಿಕ್ ಲೋಕದೊಳಗೆ ಐದು ಜಾಗ, ಐದು ಸದ್ದು. ಪ್ರತಿ ಕಡೆಯೂ ಗುಂಡಿ ಒತ್ತಿ, ಅಲ್ಲಿನ ಚಿಹ್ನೆ ಬರೆದುಕೊಳ್ಳಿ. ಆಂಟೆನಾ ಕೋಣೆಯಲ್ಲಿ ಒಂದೊಂದನ್ನೇ ಹಿಡಿಯಬೇಕು: ಸ್ಫಟಿಕ 15.0, ನೀರು 153.4, ಗಾಳಿ 212.2, ಬೆಂಕಿ 130.3, ಗಡಿಯಾರ 55.6. ಐದೂ ಸಿಕ್ಕ ಮೇಲೆ ಕೊನೆಯ ಗುಂಡಿ ಒತ್ತಿದರೆ ಅವು ಒಂದು ಕ್ರಮದಲ್ಲಿ ಕೇಳುತ್ತವೆ. ಮೇಲೆ ಬರೆದಿರುವುದೇ ಆ ಕ್ರಮ. ಮುಚ್ಚಿದ ಬಾಗಿಲ ಜಾರುಪಟ್ಟಿಗಳಲ್ಲಿ ಅದನ್ನು ಹಚ್ಚಿ.

ಬಾಗಿಲಾಚೆ ಸುರಂಗದಲ್ಲಿ ಹಳಿ ಮೇಲೆ ಓಡುವ ಬಂಡಿ. ಇಲ್ಲೇ ಬಹಳ ಮಂದಿ ಆಟ ಬಿಟ್ಟದ್ದು. ಪ್ರತಿ ತಿರುವಿನಲ್ಲೂ ಒಂದು ಸದ್ದು ಕೇಳುತ್ತದೆ, ಮತ್ತೆ ಅವೇ ಗಂಟೆ, ಸ್ಪ್ರಿಂಗು, ಕುಕ್ಕರು, ತಗಡು! ಕೋಟೆಯಲ್ಲಿ ಕಲಿತ ದಿಕ್ಕುಗಳು. ಎರಡು ಸದ್ದು ಕೂಡಿ ಬಂದರೆ ಮೂಲೆಯ ದಿಕ್ಕು. ಅದು ಹೇಳಿದ ಕಡೆ ಹೋಗುತ್ತಾ ಇದ್ದರೆ ಆಯಿತು. ತಾಳ್ಮೆ ಇಲ್ಲದವರಿಗೆ: ಉತ್ತರ, ಪಶ್ಚಿಮ, ಉತ್ತರ, ಪೂರ್ವ, ಪೂರ್ವ, ದಕ್ಷಿಣ, ದಕ್ಷಿಣ, ಪಶ್ಚಿಮ, ನೈಋತ್ಯ, ಪಶ್ಚಿಮ, ವಾಯವ್ಯ, ಈಶಾನ್ಯ, ಉತ್ತರ, ಆಗ್ನೇಯ.

ಕೊನೆಯ ಬಾಗಿಲು

ಗ್ರಂಥಾಲಯದ ಹಾಳೆ ಒಂದು, ಲೋಕಗಳ ಹಾಳೆ ನಾಲ್ಕು, ಎಲ್ಲ ಒಂದೇ ಬಣ್ಣದವು ಸೇರಿದಾಗ ಆ ಮಗ ಹೇಳುತ್ತಾನೆ: ಚಿತ್ತಾರದ ಪುಸ್ತಕದಲ್ಲಿ 158ನೆಯದನ್ನು ನೋಡು, ಬೆಂಕಿಗೂಡಿನಲ್ಲಿ ಅದನ್ನು ಒತ್ತು, ಕೊನೆಯ ಹಾಳೆ ಅಲ್ಲಿದೆ, ಹಸಿರು ಪುಸ್ತಕ ಮಾತ್ರ ಮುಟ್ಟಬೇಡ. ಮುಟ್ಟಬೇಡ ಎಂದನಲ್ಲ, ಮುಟ್ಟಬೇಕಾದದ್ದು ಅದೇ. ಕೊನೆಯ ಹಾಳೆಯನ್ನು ಅಣ್ಣನಿಗೆ ಕೊಟ್ಟರೂ ತಮ್ಮನಿಗೆ ಕೊಟ್ಟರೂ ಅವನು ಹೊರಗೆ, ನೀವು ಒಳಗೆ.

ಆದರೆ ಹಸಿರು ಪುಸ್ತಕಕ್ಕೆ ಕೈ ಹಾಕುವ ಮುಂಚೆ ಬಿಳಿ ಹಾಳೆ ಬೇಕು. ಸ್ಟೋನ್‌ಶಿಪ್ ಮತ್ತು ಚಾನಲ್‌ವುಡ್ ಲೋಕಗಳಲ್ಲಿ ಸಿಗುವ ಹರಿದ ಚೀಟಿಯ ಎರಡು ತುಂಡುಗಳನ್ನು ಜೋಡಿಸಿ ಓದಿದರೆ ಅದರ ಜಾಗ ತಿಳಿಯುತ್ತದೆ. ಎಂಟೂ ಸ್ವಿಚ್ಚು ಮೇಲಕ್ಕೆ; ಗಡಿಯಾರ ಗೋಪುರದ್ದನ್ನು ಮರೆಯಬೇಡಿ, ಅದಕ್ಕೆ ಮತ್ತೆ 2:40. ಆಮೇಲೆ ಹಡಗುಕಟ್ಟೆಗೆ ಬಂದು ಅಲ್ಲಿನದನ್ನು ಮಾತ್ರ ಕೆಳಗೆ. ಕಂಬದ ಗೂಡು ತೆರೆದುಕೊಳ್ಳುತ್ತದೆ. ಆಟ ಶುರುವಾದ ಮೊದಲ ಕ್ಷಣದಲ್ಲಿ ನಾವು ನಿಂತಿದ್ದ ಜಾಗದ ಪಕ್ಕದಲ್ಲೇ, ಇಪ್ಪತ್ತು ಚಿಲ್ಲರೆ ವರ್ಷ, ಆ ಹಾಳೆ ಕೂತಿತ್ತು. ಗೊತ್ತಿದ್ದವರು ಇಡೀ ಆಟವನ್ನು ಕೆಲವೇ ನಿಮಿಷದಲ್ಲಿ ಮುಗಿಸುತ್ತಾರೆ.

ಬಿಳಿ ಹಾಳೆ ಕೈಯಲ್ಲಿಟ್ಟುಕೊಂಡು ಬೆಂಕಿಗೂಡಿಗೆ ಹೋಗಿ. ಒಳಗೆ 48 ಚೌಕ, 8 ಅಡ್ಡಕ್ಕೆ, 6 ಉದ್ದಕ್ಕೆ. ನೋಟ್‌ಬುಕ್ಕಿನ ಚೌಕುಳಿಯಲ್ಲಿ ನಕಲು ಮಾಡಿಕೊಂಡ 158ನೆಯ ಚಿತ್ತಾರವನ್ನು ಸಾಲು ಸಾಲಾಗಿ ಬೆರಳಿಟ್ಟು ಒತ್ತಿ. ಗೂಡು ತಿರುಗುತ್ತದೆ. ಕೆಂಪು ಹಾಳೆ, ನೀಲಿ ಹಾಳೆ ಎರಡನ್ನೂ ಮುಟ್ಟದೆ ಹಸಿರು ಪುಸ್ತಕ ತೆರೆಯಿರಿ. ಆಟ್ರಸ್ ಎದುರಿಗೇ ಮಾತಾಡುತ್ತಾನೆ. ಅವನಲ್ಲಿಗೆ ಹೋಗಿ ಬಿಳಿ ಹಾಳೆ ಕೊಡಿ.

ಆತ ತನ್ನ ಕೆಲಸ ಮುಗಿಸಿ ಬಂದು ನಾಲ್ಕು ಮಾತಾಡಿ ನಿಮ್ಮನ್ನು ಬಿಡುತ್ತಾನೆ. ಪಟಾಕಿ ಇಲ್ಲ, ಅಂಕ ಇಲ್ಲ. ಮತ್ತೆ ಅದೇ ದ್ವೀಪಕ್ಕೆ ಬಂದರೆ ಗ್ರಂಥಾಲಯದಲ್ಲಿ ಕೆಂಪು, ನೀಲಿ ಪುಸ್ತಕಗಳಿದ್ದ ಕಡೆ ಸುಟ್ಟ ಕಪ್ಪು ಕಲೆ ಎರಡು, ಅಷ್ಟೇ. ಹುಡುಗಿ ಸ್ವಲ್ಪ ಹೊತ್ತು ಕಾದಳು, ಇನ್ನೇನಾದರೂ ಬರಬಹುದೆಂದು. ಆಮೇಲೆ ಮೌಸ್ ಹಿಡಿದು ರಾಕೆಟ್ಟಿನ ಕಡೆ ನಡೆದು, ಆರ್ಗನ್ ಮುಂದೆ ಕೂತು, ಸುಮ್ಮನೆ ಸರಳೆ ವರಸೆ ನುಡಿಸತೊಡಗಿದಳು.